ಆರನೆಯ ದಿನದ ಬಲಗಾಲು

ಭೂಮಿಯ ಮೇಲೆ ಹುಟ್ಟಿದ ಮನುಷ್ಯ ಎಷ್ಟೇ ಎತ್ತರಕ್ಕೆ ಏರಲಿ, ಕಡೆಗೆ ಅವನ ಕಾಲು ನೆಲಕ್ಕೆ ಬರಲೇಬೇಕು. ಇದು ಯಾವ ಶಾಸ್ತ್ರದಲ್ಲಿದೆ ಎಂದು ಯಾರೂ ಹುಡುಕಬೇಕಾಗಿಲ್ಲ. ಮೊನ್ನೆ ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ನಿಂತು, ಎರಡೂ ಕಾಲು ಜೋಮು ಹಿಡಿದು, ಅವು ನೆಲದ ಮೇಲಿವೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕಾಗಿ ಬಂದಾಗ ನನಗೇ ಹೊಳೆದ ಮಾತು.

ನವೆಂಬರ್ ತಿಂಗಳು. ನಿವೃತ್ತ ನೌಕರರು ತಾವು ಇನ್ನೂ ಬದುಕಿದ್ದೇವೆ ಎಂದು ಸರ್ಕಾರಕ್ಕೆ ಲಿಖಿತವಾಗಿ ತಿಳಿಸಬೇಕಾದ ತಿಂಗಳು. ಈಗ ಮೊಬೈಲಿಗೆ ಮುಖ ತೋರಿಸಿದರೂ ಸಾಕಂತೆ. ನನ್ನ ಮುಖವನ್ನು ಅದು ಮೂರು ಸಲ ಒಪ್ಪಲಿಲ್ಲವಾದ್ದರಿಂದ ಖುದ್ದಾಗಿ ಶಿರಾಕ್ಕೆ ಹೊರಟಿದ್ದೆ. ನಮ್ಮದು ಕೊರಟಗೆರೆ ತಾಲ್ಲೂಕು, ತೋವಿನಕೆರೆಯ ಹತ್ತಿರ. ಪಿಂಚಣಿ ಖಾತೆ ಮಾತ್ರ ಕಡೆಯ ನೌಕರಿಯ ತಾಲ್ಲೂಕಿನಲ್ಲೇ ಉಳಿದುಬಿಟ್ಟಿದೆ. ಬದಲಾಯಿಸಿಕೊಳ್ಳಲು ಒಂದು ಅರ್ಜಿ ಬರೆಯಬೇಕು. ಬರೆಯುವುದು ಸಾಕಾಗಿದೆ.

ಹೊರಗೆ ಜಡಿಮಳೆ. ಬಸ್ಸು ಹೊರಡುವ ಹೊತ್ತಿಗೆ ಒಬ್ಬ ಕುರಿಗಾಹಿ ಹತ್ತಿ ನನ್ನ ಪಕ್ಕದಲ್ಲೇ ಕೂತ. ಅವನ ಕಂಬಳಿ ಪೂರಾ ನೆಂದಿತ್ತು. ಒದ್ದೆ ಕಂಬಳಿಯ ವಾಸನೆ ಒಂದೇ ವಾಸನೆಯಲ್ಲ. ಕುರಿ, ಒಲೆಯ ಹೊಗೆ, ನೇಯ್ದವರು ಹಚ್ಚಿದ ಹುಣಸೆಬೀಜದ ಗಂಜಿ, ಎಲ್ಲ ಒಟ್ಟಿಗೆ ಎದ್ದು ಬರುತ್ತದೆ. ಕಿಟಕಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ಬಡವನಹಳ್ಳಿ ದಾಟುವ ಹೊತ್ತಿಗೆ ನಾನು ಬಸ್ಸಿನಲ್ಲಿರಲಿಲ್ಲ, ಓಬಳೇಶ ಎಂಬ ಸರ್ಕಸ್ಸಿನವನ ಸೈಕಲ್ ಸುತ್ತುತ್ತಿದ್ದ ಶಾಲೆಯ ಮೈದಾನದ ಎದುರು, ಕೈ ಮುರಿದ ಕುರ್ಚಿಯ ಮೇಲೆ ಕೂತಿದ್ದೆ.

ಅದು ನಾನು ನಿವೃತ್ತನಾಗುವ ಹಿಂದಿನ ವರ್ಷ. ಗೌಡಗೆರೆಯಿಂದ ಐದಾರು ಕಿಲೋಮೀಟರು ಒಳಗಿರುವ ಒಂದು ಹಳ್ಳಿಯ ಶಾಲೆಗೆ ಹೆಡ್ಮಾಸ್ಟರಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಊರಿಗೆ ಊರೇ ಬಂದು, ನಡೆದದ್ದು ಹೀಗಲ್ಲ ಹಾಗೆ ಎಂದು ಸಾಕ್ಷಿ ನುಡಿಯುತ್ತದೆ. ಸಾಕ್ಷಿಗಳನ್ನು ಕಂಡರೆ ನನಗೆ ಈಗ ಭಯ.

ದೀಪಾವಳಿ ಕಳೆದು ವಾರವಾಗಿತ್ತು. ಮದರಾಸಿನ ಆಚೆ ಎಲ್ಲೋ ಸಮುದ್ರದಲ್ಲಿ ಎದ್ದ ಸೈಕ್ಲೋನು ನಮ್ಮ ತಲೆಯ ಮೇಲೆ ಬಂದು ಕೂತಿತ್ತು. ಸುರಿದು ಮುಗಿಯುವ ಮಳೆಯಾದರೆ ಬೈದು ಸುಮ್ಮನಾಗಬಹುದು. ಇದು ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಟ್ಟು ಜರಡಿ ಹಿಡಿದಂತೆ ಉದುರುತ್ತಲೇ ಇತ್ತು. ಹೊಲದಲ್ಲಿ ಕಿತ್ತುಹಾಕಿದ ಕಡಲೆಕಾಯಿ ಗಿಡ ಒಣಗುತ್ತಿರಲಿಲ್ಲ. ಜನ ಜಗಲಿಯ ಮೇಲೆ ರಾಶಿ ಹಾಕಿಕೊಂಡು ಮನೆಮಂದಿಯೆಲ್ಲ ಕೂತು ಕಾಯಿ ಬಿಡಿಸುತ್ತಿದ್ದರು. ಬೆರಳ ತುದಿಗಳೆಲ್ಲ ಕೆಮ್ಮಣ್ಣು. ನನ್ನ ಶಾಲೆಯ ಅರ್ಧ ಹಾಜರಿಯೂ ಆ ಜಗಲಿಗಳ ಮೇಲೇ ಇತ್ತು. ರಿಜಿಸ್ಟರಿನಲ್ಲಿ ಮಾತ್ರ ಶಾಲೆಯಲ್ಲಿತ್ತು.

ಆಗಲೇ ನಾನು ದಣಿದುಹೋಗಿದ್ದೆ. ಮೊಟ್ಟೆ ತಿನ್ನುವವರ ಪಟ್ಟಿ, ಬಾಳೆಹಣ್ಣು ತಿನ್ನುವವರ ಪಟ್ಟಿ, ನೆನ್ನೆ ಮೊಟ್ಟೆ ತಿಂದು ಇವತ್ತು ಒಲ್ಲೆ ಎನ್ನುವವರ ಪಟ್ಟಿ, ಇವನ್ನೆಲ್ಲ ಮೊಬೈಲಿಗೆ ತುಂಬಬೇಕು. ತುಂಬಲು ನೆಟ್‌ವರ್ಕಿಗಾಗಿ ಕೆರೆಯ ಏರಿ ಹತ್ತಬೇಕು. ಏರಿ ಹತ್ತಲು ಮಂಡಿ ಬೇಕು. ಮೂರನೆಯದು ನನ್ನಲ್ಲಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ನಾನು ಬರೆದುಕೊಟ್ಟ ಪ್ರಮಾಣಪತ್ರಗಳಲ್ಲಿ ಎಲ್ಲರ ನಡತೆಯೂ ‘ಉತ್ತಮ’. ಶಾಲೆಯ ಹೆಂಚು ಒಡೆದವನ ನಡತೆಯೂ ಉತ್ತಮ, ಹೆಂಚು ಹೊದಿಸಿದವನ ಮಗನ ನಡತೆಯೂ ಉತ್ತಮ. ಸುಳ್ಳು ಬರೆದೆ ಎಂಬ ಪಶ್ಚಾತ್ತಾಪ ನನಗೆ ಎಂದೂ ಆದದ್ದಿಲ್ಲ. ಅದು ಸುಳ್ಳಲ್ಲ, ನಮೂನೆ.

ಇಂಥ ವಾರದಲ್ಲಿ ಸರ್ಕಸ್ಸು ಬಂತು.

ಸರ್ಕಸ್ಸು ಎಂದೊಡನೆ ಆನೆ, ಸಿಂಹ, ತೂಗುವ ಉಯ್ಯಾಲೆಗಳನ್ನು ನೆನೆಯುವವರು ಕ್ಷಮಿಸಬೇಕು. ಬಂದದ್ದು ಒಂದು ಲಗೇಜ್ ಆಟೋ. ಅದರಿಂದ ಒಂದು ಕಂಬ, ಒಂದು ಮೈಕ್ ಸೆಟ್ಟು, ಒಂದು ಸೈಕಲ್ಲು, ಒಬ್ಬ ಗಂಡ, ಒಬ್ಬಳು ಹೆಂಡತಿ ಇಳಿದರು. ಸೈಕಲ್ ಸರ್ಕಸ್ಸು. ಮೈದಾನದ ನಡುವೆ ಕಂಬ ನೆಟ್ಟು, ಸುತ್ತ ಸುಣ್ಣದಲ್ಲಿ ದೊಡ್ಡ ವೃತ್ತ ಬರೆದು, ಆ ವೃತ್ತದೊಳಗೆ ಒಬ್ಬ ಮನುಷ್ಯ ಏಳು ಹಗಲು ಏಳು ರಾತ್ರಿ ನೆಲಕ್ಕೆ ಕಾಲು ಊರದೆ ಸೈಕಲ್ ಮೇಲೇ ಇರಬೇಕು. ಊಟ, ಸ್ನಾನ, ಗಡ್ಡ ಎಲ್ಲ ಸೈಕಲ್ ಮೇಲೆ. ನಿದ್ದೆ, ಕಂಬಕ್ಕೆ ಒರಗಿ, ಎರಡೂ ಕಾಲು ಹ್ಯಾಂಡಲ್ಲಿನ ಮೇಲೆ ಹಾಕಿಕೊಂಡು. ಮಿಕ್ಕ ಒಂದು ವಿಷಯವನ್ನು ಊರಿನ ಪ್ರತಿಯೊಬ್ಬ ಪ್ರಜೆಯೂ ವಿಚಾರಿಸಿದ. ಅದಕ್ಕೆ ಮೂಲೆಯಲ್ಲಿ ಗೋಣಿತಟ್ಟಿನ ಮರೆ ಕಟ್ಟಿದ್ದರು, ಸೈಕಲ್ ಸಮೇತ ಒಳಗೆ ಹೋಗುತ್ತಿದ್ದ. ಒಂದು ಕಾಲಕ್ಕೆ ಇವರ ತಂಡದಲ್ಲಿ ಹನ್ನೆರಡು ಜನರಿದ್ದರಂತೆ. ಒಬ್ಬೊಬ್ಬರೇ ಕಳಚಿಕೊಂಡು, ಕಡೆಗೆ ಜೋಕರನೂ ಹೋದ ಮೇಲೆ, ಹೆಂಡತಿಯೇ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಜೋಕರಳಾಗಿದ್ದಳು.

ಗಂಡ ಓಬಳೇಶ. ಪಾವಗಡದ ಆಚೆ ಆಂಧ್ರದ ಗಡಿಯ ಊರಿನವನು. ಐವತ್ತು ದಾಟಿತ್ತು, ಮೈಯಲ್ಲಿ ಮಾಂಸವೆಂಬುದು ಮೀನಖಂಡದಲ್ಲಿ ಮಾತ್ರ ಉಳಿದಿತ್ತು. ಹೆಂಡತಿ ಅಂಜಿನಮ್ಮ. ಮೈದಾನ ಕೇಳಲು ಆಫೀಸಿಗೆ ಬಂದಾಗ ಅವನು ಕಂಕುಳಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕ ಇಟ್ಟುಕೊಂಡಿದ್ದ. ಅದರ ತುಂಬ ಊರೂರಿನ ಹೆಡ್ಮಾಸ್ಟರುಗಳ, ಪಂಚಾಯಿತಿ ಕಾರ್ಯದರ್ಶಿಗಳ ಪತ್ರಗಳನ್ನು ಅಂಟಿಸಿದ್ದ. ಎಲ್ಲದರ ಕೆಳಗೂ ನೇರಳೆ ಬಣ್ಣದ ಸೀಲು. ಎಲ್ಲದರಲ್ಲೂ ಒಂದೇ ಒಕ್ಕಣೆ: ಸದರಿಯವರು ನಮ್ಮ ಗ್ರಾಮದಲ್ಲಿ ಏಳು ದಿನಗಳ ಕಾಲ ನೆಲಕ್ಕೆ ಕಾಲು ಊರದೆ ಸೈಕಲ್ ಸವಾರಿ ಮಾಡಿರುತ್ತಾರೆ.

“ಕಾಸು ಕಡ್ಡಿ ಜನ ಕೊಡ್ತಾರೆ ಸಾ,” ಎಂದ ಓಬಳೇಶ. “ನಿಮ್ಮತ್ರ ಬೇಕಾಗಿರೋದು ಒಂದು ಲೆಟ್ರು. ಐ.ಡಿ.ಹಳ್ಳಿ ಕಡೆ ಮುಂದಿನ ಊರು ಮಾತಾಡ್ಕಂಡು ಬಂದಿವ್ನಿ. ಈ ಊರಿನ ಲೆಟ್ರು ತಂದ್ರೇನೆ ಗ್ರೌಂಡು ಅಂದವ್ರೆ.”

ಹಿಂದಿನ ಊರಿನ ಪತ್ರವಿದ್ದರೆ ಮುಂದಿನ ಊರು. ಒಂದು ಕಡೆ ತಪ್ಪಿದರೆ ಅಲ್ಲಿಗೆ ಮುಗಿಯಿತು. ಇಪ್ಪತ್ತಾರು ವರ್ಷ ಎಲ್ಲೂ ತಪ್ಪಿಲ್ಲ ಎಂದ. ಬಡಾಯಿಯ ದನಿಯಲ್ಲಿ ಹೇಳಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಗ ಹಲ್ಲು ಬೀಳುತ್ತದೆ ಎನ್ನುವ ಹಾಗೆ ಹೇಳಿದ.

ಸಹಿ ಹಾಕಿ ಕಳಿಸುವುದು ನನ್ನ ಅಭ್ಯಾಸ. ಆ ದಿನ ಮಾತ್ರ ಏನು ಗ್ರಹಚಾರವೋ, ಕಣ್ಣಾರೆ ಕಾಣದ್ದಕ್ಕೆ ನಾನು ಸೀಲು ಒತ್ತುವುದಿಲ್ಲ ಎಂದುಬಿಟ್ಟೆ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ, ಹಿಟ್ಟಿನ ಗಿರಣಿಯ ರಂಗಧಾಮಪ್ಪ, ಅಲ್ಲೇ ಕೂತಿದ್ದವನು, ಇದನ್ನು ಕೇಳಿ ಸಂತೋಷಪಟ್ಟ. ಹಾಗಿದ್ದರೆ ಮೇಷ್ಟ್ರೇ ನೋಡಿಕೊಳ್ಳಲಿ, ಕತ್ತಲಾದ ಮೇಲೆ ನಮ್ಮ ಹುಡುಗರು ಸರದಿಯಲ್ಲಿ ಬೆಂಕಿ ಹಾಕಿಕೊಂಡು ಕಾಯಲಿ ಎಂದು ತೀರ್ಮಾನ ಕೊಟ್ಟ. ಶಾಲೆಗೆ ಸರ್ಕಾರ ಕೊಟ್ಟ ಕ್ಯಾಮೆರಾ ಒಂದು ಮೈದಾನದ ಕಡೆಗೇ ಮುಖ ಮಾಡಿ ಗೋಡೆಯ ಮೇಲೆ ಕೂತಿತ್ತು. ಅದಕ್ಕೆ ತಂತಿ ಬಂದಿರಲಿಲ್ಲ. ಹೀಗಾಗಿ ಕ್ಯಾಮೆರಾದ ಕೆಲಸವೂ ನನ್ನ ಪಾಲಿಗೆ ಬಂತು.

ಮೊದಲ ಎರಡು ದಿನ ಊರೇ ಮೈದಾನದಲ್ಲಿತ್ತು. ಸಂಜೆ ಓಬಳೇಶ ಓಡುವ ಸೈಕಲ್ಲಿನಿಂದ ಬಗ್ಗಿ ನೆಲದ ಮೇಲಿನ ಕರ್ಚೀಫನ್ನು ಬಾಯಲ್ಲಿ ಎತ್ತುತ್ತಿದ್ದ. ತುಂಬಿದ ಬಿಂದಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಮೂರು ಸುತ್ತು ಬರುತ್ತಿದ್ದ. ಎದೆಯ ಮೇಲೆ ಟ್ಯೂಬ್‌ಲೈಟು ಒಡೆಸಿಕೊಳ್ಳುತ್ತಿದ್ದ. ಅಂಜಿನಮ್ಮ ಮೀಸೆ ತಿರುವುತ್ತ ಮೈಕಿನಲ್ಲಿ ಊರಿನ ದೊಡ್ಡವರನ್ನೆಲ್ಲ ಹೆಸರು ಹಿಡಿದು ಹೊಗಳುತ್ತ ನಡುನಡುವೆ ಬೈಯುತ್ತ ನಗಿಸುತ್ತಿದ್ದಳು. ಮೊಬೈಲುಗಳು ಮೇಲೆದ್ದವು, ವಿಡಿಯೋಗಳು ಸ್ಟೇಟಸ್ಸಿಗೆ ಹೋದವು. ಮೂರನೆಯ ದಿನದಿಂದ ಜಡಿ ಬಲವಾಯಿತು. ಒಬ್ಬ ಮನುಷ್ಯ ಸುತ್ತುತ್ತಿರುವುದನ್ನು ಎಷ್ಟು ಹೊತ್ತು ನೋಡುವುದು? ಜನ ಕಡಲೆಕಾಯಿಗೆ ಮರಳಿದರು. ಉಳಿದವನು ನಾನು.

ಸುಣ್ಣದ ವೃತ್ತ ಅಳಿಸಿಹೋಗಿ, ಅದರ ಒಳಗೆ ಚಕ್ರ ಕೊರೆದ ಕೆಂಪು ಕಾಲುವೆ ಮಾತ್ರ ಉಳಿದಿತ್ತು. ಓಬಳೇಶ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಅದರಲ್ಲೇ ಸುತ್ತುತ್ತಿದ್ದ. ಹವಾಯಿ ಚಪ್ಪಲಿಗಳನ್ನು ಪೆಡಲಿಗೆ ತಂತಿಯಲ್ಲಿ ಕಟ್ಟಿಕೊಂಡಿದ್ದ. ನಾಲ್ಕನೆಯ ದಿನಕ್ಕೆ ಪಾದಗಳು ಬಾತು ಚಪ್ಪಲಿಯ ಪಟ್ಟಿ ಕಾಣದಾಯಿತು. ಒಂದನೆಯ ತರಗತಿಯಿಂದ ‘ಅ’ ಕೇಳಿಬರುವಾಗ ನನ್ನ ಮುಂದೆ ಬರುತ್ತಿದ್ದವನು ‘ಅಃ’ ಮುಗಿಯುವಾಗ ಮತ್ತೆ ಬರುತ್ತಿದ್ದ. ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಏಳು ದಿನ ಒಂದೇ ಕಡೆ ಸುತ್ತುವವನಿಗೂ ಮೂವತ್ತು ವರ್ಷ ಒಂದೇ ಪಾಠ ಮಾಡಿದವನಿಗೂ ಹೊಸದಾಗಿ ಹೇಳಿಕೊಳ್ಳುವುದು ಏನಿರುತ್ತದೆ?

ಅಂಜಿನಮ್ಮ ಮಾತಾಡುತ್ತಿದ್ದಳು. ಬಿಸಿಯೂಟದ ಒಲೆಯಲ್ಲಿ ಟೀ ಕಾಯಿಸಿಕೊಂಡು ತಂದು, ಅವನಿಗೆ ಓಡುವ ಸೈಕಲ್ಲಿಗೇ ಲೋಟ ಕೊಟ್ಟು, ಮುಂದಿನ ಸುತ್ತಿನಲ್ಲಿ ಖಾಲಿ ಲೋಟ ಇಸಿದುಕೊಂಡು, ಆಮೇಲೆ ಶಾಲೆಯ ಜಗಲಿಯ ಮೇಲೆ, ನನ್ನ ಕುರ್ಚಿಯ ಹತ್ತಿರ, ಕೂರುತ್ತಿದ್ದಳು. ಅವಳ ಕನ್ನಡದ ವಾಕ್ಯಗಳು ತೆಲುಗಿನ ‘ಕದಾ’ದಲ್ಲಿ, ಅಂದರೆ ‘ಅಲ್ಲವೇ’ಯಲ್ಲಿ, ಮುಗಿಯುತ್ತಿದ್ದವು. ಅವನ ಕಾಲಿನ ನರಗಳು ಸತ್ತಿವೆ, ಬೆಳಿಗ್ಗೆ ಚಿವುಟಿದರೂ ಗೊತ್ತಾಗುವುದಿಲ್ಲ, ಪಾವಗಡದ ಡಾಕ್ಟರು ಸೈಕಲ್ ಮುಟ್ಟಬೇಡ ಎಂದು ಹೇಳಿ ಎರಡು ವರ್ಷವಾಯಿತು ಎಂದಳು. ಅವಳ ತಮ್ಮ ಶಿರಾದಲ್ಲಿ ಪಂಚರ್ ಅಂಗಡಿ ಇಟ್ಟಿದ್ದಾನೆ, ಇಬ್ಬರೂ ಬನ್ನಿ ಎಂದು ಕರೆಯುತ್ತಲೇ ಇದ್ದಾನೆ. ಓಬಳೇಶ ಪುಸ್ತಕ ತುಂಬಲಿ, ಇಳಿಯುತ್ತೇನೆ ಎಂದು ಮಾತು ಕೊಟ್ಟಿದ್ದನಂತೆ. ಪುಸ್ತಕ ಹೋದ ವರ್ಷ ತುಂಬಿತು. ಒಂದು ದಿನ ಅವಳು ನೀರು ತರಲು ಹೋಗಿ ಬರುವಷ್ಟರಲ್ಲಿ ಗೋಣಿ ಹೊಲಿಯುವ ದಬ್ಬಣ ಹಿಡಿದು ಪುಸ್ತಕಕ್ಕೆ ಹೊಸ ಹಾಳೆ ಹೊಲಿಯುತ್ತ ಕೂತಿದ್ದನಂತೆ.

“ಇನ್ನೂ ಇಪ್ಪತ್ತು ಪೇಜು ಸಾರ್,” ಎಂದಳು. ನಕ್ಕಾಗ ನೋಡಿದೆ, ಬರೆದ ಮೀಸೆ ಅರ್ಧ ಅಳಿಸಿತ್ತು.

ಆರನೆಯ ದಿನ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಮೂರಕ್ಕೆ ಹೊಡೆಯಬೇಕಾದ ಗಂಟೆಯನ್ನು ಹತ್ತು ನಿಮಿಷ ತಡವಾಗಿ ಹೊಡೆದರು. ನಾನು ಬೈಯಲು ಗಡಿಯಾರ ನೋಡಿದ್ದೆ. ಆಗ ಗೇಟಿನಲ್ಲಿ ಜುಂಜಮ್ಮಜ್ಜಿ ಬಂದಳು. ಕೆರೆಯಾಚೆ ಕುರಿಯವರ ಹಟ್ಟಿ ಇದೆ, ಅಲ್ಲಿಯವಳು. ರಾಗಿ ಬೀಸಿಸಲು ಗಿರಣಿಗೆ ಬಂದವಳಿಗೆ, ಶಾಲೆಯ ಬಯಲಿನಲ್ಲಿ ಒಬ್ಬ ಆರು ದಿನದಿಂದ ನೆಲ ಮುಟ್ಟದೆ ಇದ್ದಾನೆ ಎಂದು ಯಾರೋ ಹೇಳಿದ್ದಾರೆ. ಸರ್ಕಸ್ಸು ಎಂಬ ಪದವನ್ನು ಹೇಳಿದ್ದರೋ ಇಲ್ಲವೋ, ಹೇಳಿದ್ದರೂ ಅದು ಯಾವ ದೇವರ ಹೆಸರೆಂದು ಅವಳು ತಿಳಿದಳೋ, ನನಗೆ ಗೊತ್ತಿಲ್ಲ.

ದೇವರು ಹೊತ್ತವರು, ವ್ರತ ಹಿಡಿದವರು ಬರುವಾಗ ಅವರ ಪಾದ ಬರಿನೆಲಕ್ಕೆ ತಾಕಬಾರದೆಂದು ದಾರಿಗೆ ಬಟ್ಟೆ ಹಾಸುತ್ತಾರೆ. ನಡೆಮಡಿ ಎನ್ನುತ್ತಾರೆ. ಅಜ್ಜಿ ಹೆಗಲ ಮೇಲಿನ ಒದ್ದೆ ಕಂಬಳಿ ತೆಗೆದು, ಮಡಿಕೆ ಬಿಡಿಸಿ, ಚಕ್ರದ ಕಾಲುವೆಗೆ ಅಡ್ಡಲಾಗಿ ಹಾಸಿ, ಅಂಚು ನೇರ ಮಾಡಿ, ಅದರಾಚೆ ಕೆಸರಿನಲ್ಲಿ ಉದ್ದಕ್ಕೆ ಅಡ್ಡಬಿದ್ದಳು. ಎಲ್ಲ ಬಹಳ ನಿಧಾನವಾಗಿ, ಕ್ರಮವಾಗಿ ನಡೆಯಿತು. ನಾನು ಏಳಬಹುದಿತ್ತು, ಕೂಗಬಹುದಿತ್ತು. ನೋಡುತ್ತ ಕೂತೆ.

ಸೈಕಲ್ ಸುತ್ತಿ ಬಂತು. ಮುಂದಿನ ಚಕ್ರ ಕಂಬಳಿಯ ಅಂಚು ಹತ್ತಿ ನಿಂತಿತು. ಓಬಳೇಶನ ಬಲಗಾಲು ಪೆಡಲಿನಿಂದ ಬಿಡಿಸಿಕೊಂಡು ಕೆಳಗಿಳಿದು ಕಂಬಳಿಯ ಮೇಲೆ ಊರಿತು. ಊರಿ, ಅಲ್ಲೇ ಇತ್ತು. ಸುಮಾರು ಎರಡು ಉಸಿರಿನ ಹೊತ್ತು. ಅಜ್ಜಿ ಕೈ ಚಾಚಿ ಆ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ನಮ್ಮ ಕುರಿಗಳಿಗೆ ಕಾಲುಬಾಯಿ ಜ್ವರ ಬರದ ಹಾಗೆ ನೋಡ್ಕೊಳಪ್ಪ ಎಂದಳು. ಅವನು ಆಯ್ತಜ್ಜಿ ಎಂದ. ಕಾಲು ಮೇಲೆತ್ತಿಕೊಂಡು ಹೊರಟುಹೋದ.

ಜಗಲಿಯ ತುದಿಯಲ್ಲಿ ಅಂಜಿನಮ್ಮ ಟೀ ಲೋಟ ಹಿಡಿದು ನಿಂತಿದ್ದಳು. ಅವಳೂ ಕಂಡಳು. ಗಿರಣಿಯ ಕಡೆಯಿಂದ ಬರುತ್ತಿದ್ದ ಇಬ್ಬರೂ ಕಂಡರು. ನಾಲ್ಕು ಗಂಟೆಯ ಹೊತ್ತಿಗೆ ಕಡಲೆಕಾಯಿಯನ್ನು ಅಲ್ಲಲ್ಲೇ ಬಿಟ್ಟು ಊರು ಮೈದಾನಕ್ಕೆ ಬಂತು.

ನ್ಯಾಯ ನನ್ನ ಜಗಲಿಯ ಮೇಲೆ ಸೇರಿತು. ಹುಡುಗರು ಸೋತ, ಮುಗೀತು, ಗಂಟುಮೂಟೆ ಕಟ್ಟಲಿ ಎಂದರು. ಜುಂಜಮ್ಮಜ್ಜಿ ಕಂಬದ ಬುಡದಲ್ಲಿ ಮುದುಡಿ ಕೂತಿದ್ದಳು. ಈಗ ಅವಳಿಗೆ ವಿಷಯ ತಿಳಿದಿತ್ತು. ಒಬ್ಬ ಮನುಷ್ಯನ ವ್ರತ ಕೆಡಿಸಿದೆ, ಈ ಪಾಪ ಹಟ್ಟಿಗೆ ಸುತ್ತಿಕೊಳ್ಳುತ್ತದೆ, ಮರಿಗಳು ಉಳಿಯುವುದಿಲ್ಲ ಎಂದು ನಡುಗುತ್ತಿದ್ದಳು. ಅವಳನ್ನು ನೋಡಿದ ಮೇಲೆ ರಂಗಧಾಮಪ್ಪನ ತೀರ್ಪು ಆಗಲೇ ಆಗಿಹೋಗಿತ್ತು. ಕಾರಣ ಹುಡುಕುವುದಷ್ಟೇ ಉಳಿದಿತ್ತು.

“ನಡೆಮಡಿ ಮೇಲೆ ನಡೆದ್ರೆ ನಮ್ಮ ಪೂಜಾರಪ್ಪ ನೆಲ ಮುಟ್ಟಿದಂಗೇನ್ರಲಾ?” ಎಂದ. “ನೀನು ಚಾಪೆ ಮೇಲೆ ಮಲಗಿದ್ರೆ, ಚಾಪೆ ಮೇಲೆ ಮಲಗಿದ್ದೆ ಅಂತಿಯೋ, ನೆಲದ ಮೇಲೆ ಮಲಗಿದ್ದೆ ಅಂತಿಯೋ?”

“ಮಂಚ ಇಲ್ದಿದ್ರೆ ನೆಲದ ಮೇಲೆ ಅಂತಾನೇ ಅಂತೀವಿ ಕಣಣ್ಣ,” ಎಂದ ಒಬ್ಬ ಹುಡುಗ.

ಅವನನ್ನು ಸುಮ್ಮನಿರಿಸಿದರು. ಕಂಬಳಿ ಅಂದರೆ ಗದ್ದುಗೆ, ಗದ್ದುಗೆ ಅಂದರೆ ದೇವರ ಜಾಗ, ಅದು ನೆಲ ಅಲ್ಲ ಎಂದು ತೀರ್ಮಾನವಾಯಿತು. ಅಜ್ಜಿಯ ಮೈಯಲ್ಲಿ ಜೀವ ಬಂತು. ಸರ್ಕಸ್ಸು ಮುಂದುವರಿಯಲಿ, ನಾಳೆ ಸಂಜೆ ಮೇಷ್ಟ್ರು ಸರ್ಟಿಫಿಕೇಟು ಕೊಡುತ್ತಾರೆ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಇಷ್ಟೆಲ್ಲ ನಡೆಯುವಾಗ ಓಬಳೇಶ ಸುತ್ತುತ್ತಲೇ ಇದ್ದ. ಊರಿತೋ ಇಲ್ಲವೋ ಎಂದು ಅವನನ್ನು ಒಬ್ಬರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಅಂಜಿನಮ್ಮ ಆಫೀಸಿಗೆ ಬಂದಳು. ಮೀಸೆ ಇರಲಿಲ್ಲ. ಕೂರಲು ಹೇಳಿದರೂ ಕೂರಲಿಲ್ಲ.

“ಕಾಲು ಊರಿದ್ದ ಅಂತ ಬರೀರಿ ಸಾರ್,” ಎಂದಳು. “ಬುಕ್ಕಾಗೆ ಒಂದು ಕೆಟ್ಟ ಪೇಜು ಬಂದ್ರೆ ಸಾಕು. ಆಮೇಲೆ ಯಾವ ಊರಾಗೂ ಸೇರ್ಸಲ್ಲ.”

ಇದನ್ನು ನೀನೇ ಅವನಿಗೆ ಹೇಳಬಹುದಲ್ಲಮ್ಮ, ಇಳಿ ಎಂದು, ಎಂದೆ.

“ನಾನು ಹೇಳಿದ್ರೆ ಹೆಂಡ್ತಿ ಮಾತು ಕದಾ ಸಾರ್. ಅದಕ್ಕೆ ಸೀಲು ಇರಲ್ಲ.”

ಅವಳು ಹೋದ ಮೇಲೆ ರಂಗಧಾಮಪ್ಪ ಬಂದ. ಬೇಯಿಸಿದ ಹಸಿ ಕಡಲೆಕಾಯಿ ಒಂದು ಪುಟ್ಟಿ ತಂದು ಮೇಜಿನ ಮೇಲೆ ಇಟ್ಟ. ಎಲ್ಲರೂ ಬರೆಯುವ ಒಂದೇ ಸಾಲು ಬರೆದುಬಿಡಿ, ಹೆಚ್ಚು ವಿಚಾರ ಬೇಡ, ಆ ಮುದುಕಿ ರಾತ್ರಿ ಊಟ ಬಿಟ್ಟಿದ್ದಳಂತೆ, ಇವತ್ತು ಹಟ್ಟಿಯವರನ್ನೆಲ್ಲ ಕರೆದುಕೊಂಡು ಬರುತ್ತಾಳೆ ಎಂದ. ಹೆಂಚು ಒಡೆದವನ ನಡತೆಗೆ ‘ಉತ್ತಮ’ ಬರೆದ ಕೈಗೆ ಇದೇನು ಭಾರ ಎಂದು ನನಗೂ ಅನ್ನಿಸಿತು. ಕಡಲೆಕಾಯಿ ಬಿಸಿಯಾಗಿತ್ತು.

ಆಮೇಲೆ ನಾನೇ ಎದ್ದು ಮೈದಾನಕ್ಕೆ ಹೋದೆ. ಅವನ ಸೈಕಲ್ಲಿನ ಪಕ್ಕದಲ್ಲಿ ಕುಂಟುತ್ತ ನಾಲ್ಕು ಹೆಜ್ಜೆ ನಡೆದು, ಏನು ಬರೀಲಪ್ಪ ಎಂದು ಕೇಳಿದೆ.

“ನೀವು ನೋಡಿದ್ದು ಬರೀರಿ ಸಾ,” ಎಂದು ಪೆಡಲು ತುಳಿದ. ಅಷ್ಟು ವೇಗಕ್ಕೆ ನನಗೆ ನಡೆಯಲಾಗಲಿಲ್ಲ.

ಇಡೀ ಮಧ್ಯಾಹ್ನ ಬರೆದೆ. ಮೂರು ಹಾಳೆ ಹರಿದೆ. ಅವಳು ಕೇಳಿದಂತೆ ಬರೆದರೆ ಅವನನ್ನು ಕೆಳಗಿಳಿಸಿದವನು ನಾನಾಗುತ್ತೇನೆ. ಊರು ಕೇಳಿದಂತೆ ಬರೆದರೆ ಇನ್ನೂ ಇಪ್ಪತ್ತು ಊರು ಅವನನ್ನು ಸುತ್ತಿಸಿದವನು ನಾನಾಗುತ್ತೇನೆ. ಮೂವತ್ತು ವರ್ಷ ಬರೆದದ್ದರಿಂದ ಯಾರ ಕಾಲೂ ಮೇಲೆ ಹೋಗಿರಲಿಲ್ಲ, ಕೆಳಗೂ ಬಂದಿರಲಿಲ್ಲ. ಈಗ ಏನು ಬರೆದರೂ ಒಬ್ಬನ ಕಾಲಿಗೆ ತಗಲುತ್ತಿತ್ತು. ಕಡೆಗೆ ಶಾಲೆಯ ಲೆಟರ್‌ಹೆಡ್ಡಿನ ಮೇಲೆ ಹೀಗೆ ಬರೆದೆ:

‘ಶ್ರೀ ಓಬಳೇಶ ಎಂಬುವರು ಈ ಶಾಲೆಯ ಆಟದ ಮೈದಾನದಲ್ಲಿ ಏಳು ದಿನ ಸೈಕಲ್ ಸವಾರಿ ಮಾಡಿರುತ್ತಾರೆ. ಆರನೆಯ ದಿನ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅವರ ಬಲಗಾಲು ಒಂದು ಕಂಬಳಿಯ ಮೇಲೆ ಊರಿರುತ್ತದೆ. ಕಂಬಳಿಯು ನೆಲದ ಮೇಲೆ ಇರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.’

ಸೀಲು ಒತ್ತಿದೆ. ನೌಕರಿಯಲ್ಲಿ ಮೊದಲ ಸಲ ಸೀಲು ಸರಿಯಾಗಿ ಮೂಡಿತೇ ಎಂದು ಬೆಳಕಿಗೆ ಹಿಡಿದು ನೋಡಿದೆ.

ಸಂಜೆ ಐದರ ಹೊತ್ತಿಗೆ ಜಡಿ ನಿಂತಿತ್ತು. ಊರು, ಹಟ್ಟಿ ಎರಡೂ ನೆರೆದಿದ್ದವು. ಮುಂದಿನ ಸಾಲಿನಲ್ಲೇ ಜುಂಜಮ್ಮಜ್ಜಿ, ತೆಂಗಿನಕಾಯಿ ಮಡಿಲಲ್ಲಿಟ್ಟುಕೊಂಡು. ಪತ್ರವನ್ನು ಮೈಕಿನಲ್ಲಿ ಓದುವುದು ಇವರ ಪದ್ಧತಿ. ಓಬಳೇಶನಿಗೆ ಅಕ್ಷರ ಬರುವುದಿಲ್ಲ, ಅಂಜಿನಮ್ಮ ಓದುತ್ತಾಳೆ. ಹೊಸದಾಗಿ ಮೀಸೆ ಬರೆದುಕೊಂಡು ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಮೊದಲು ತನ್ನಷ್ಟಕ್ಕೆ ಕಣ್ಣಾಡಿಸಿದಳು. ಅವಳು ಕೇಳಿದ್ದು ಅದರಲ್ಲಿತ್ತು, ಪೂರ್ತಿ ಇರಲಿಲ್ಲ, ಆದರೂ ಬೇಕಾದಷ್ಟಿತ್ತು. ತಲೆ ಎತ್ತಿ ಸುತ್ತುತ್ತಿದ್ದ ಗಂಡನನ್ನು ನೋಡಿದಳು. ಮುಂದಿನ ಸಾಲಿನ ಅಜ್ಜಿಯನ್ನು ನೋಡಿದಳು.

“ಓಬಳೇಶ ಎಂಬುವರು ಈ ಶಾಲೆಯ ಮೈದಾನದಲ್ಲಿ ಏಳು ದಿನ,” ಎಂದು ಓದಿ, ನಿಂತಳು. “ನೆಲಕ್ಕೆ ಕಾಲು ಊರದೆ,” ಎಂದಳು. ಮತ್ತೆ ನಿಂತಳು. “ಸವಾರಿ ಮಾಡಿರುತ್ತಾರೆ.”

ಜನ ಚಪ್ಪಾಳೆ ತಟ್ಟಿದರು. ರಂಗಧಾಮಪ್ಪ ನನ್ನ ಬೆನ್ನು ತಟ್ಟಿದ. ಜುಂಜಮ್ಮಜ್ಜಿ ಕಾಯಿ ಒಡೆಸಿದಳು. ಅಂಜಿನಮ್ಮ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಡೆಯ ಸುತ್ತು ಎಂದು ಕೂಗಿ ಹೇಳಿದಳು. ಓಬಳೇಶ ಇಳಿದ. ಇಳಿದವನಿಗೆ ನಿಲ್ಲಲು ಆಗಲಿಲ್ಲ. ಹೆಂಡತಿಯ ಹೆಗಲ ಮೇಲೆ ಒಂದು ಕೈ, ನನ್ನ ಹೆಗಲ ಮೇಲೆ ಒಂದು ಕೈ. ಅವಳು ಕಾಲಿಗೆ ನೀರು ಹಾಕಿದಳು. ನನಗೆ ಅವನ ಭಾರ ಹೆಚ್ಚೇನೂ ಅನ್ನಿಸಲಿಲ್ಲ.

ಜನ ಚದುರಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಅವನು ಗೋಡೆ ಹಿಡಿದುಕೊಂಡು ಆಫೀಸಿಗೆ ಬಂದ. ಒಂದನೆಯ ತರಗತಿಯ ಗಿಡ್ಡ ಬೆಂಚಿನ ಮೇಲೆ ಕೂತ. ಕೈಯಲ್ಲಿ ಆ ಕಾಗದವಿತ್ತು.

“ಓದಿ ಸಾ,” ಎಂದ.

ಓದಿದಳಲ್ಲಪ್ಪ, ಊರೇ ಕೇಳಿತು, ಎಂದೆ.

“ಅವಳು ಎರಡು ಕಡೆ ನಿಂತ್ಲು. ಇಪ್ಪತ್ತಾರು ವರ್ಷದಿಂದ ಓದ್ತಾಳೆ, ಎಲ್ಲೂ ನಿಂತೋಳಲ್ಲ. ನೀವು ಬರ್ದಿರೋದು ಓದಿ.”

ಓದಿದೆ. ‘ಕಂಬಳಿಯು ನೆಲದ ಮೇಲೆ ಇರುತ್ತದೆ’ ಎನ್ನುವಾಗ ಕೈ ಎತ್ತಿ ತಡೆದು, ಇನ್ನೊಂದು ಸಲ ಓದಲು ಹೇಳಿದ. ಇನ್ನೊಂದು ಸಲ ಓದಿದೆ. ಇತ್ತಲ್ಲಪ್ಪ, ಎಂದೆ, ತಪ್ಪು ಮಾಡಿದವನ ಹಾಗೆ.

“ಇತ್ತು ಸಾ,” ಎಂದ. ಬಗ್ಗಿ ಬಾತ ಬಲಪಾದವನ್ನು ಅಂಗೈಯಲ್ಲಿ ತಿಕ್ಕಿದ. ಆಮೇಲೆ ಹೇಳಿದ: “ಎಮ್ಮೆ ಅಡ್ಡ ಬಂದೈತೆ, ನಾಯಿ ಬಂದೈತೆ, ಕುಡ್ಕರು ಬೇಕಂತ ಬಂದು ಬಿದ್ದವ್ರೆ. ಎಲ್ಲಾನೂ ತಪ್ಪಿಸ್ಕೊಂಡು ಹೋಗಿವ್ನಿ. ಅಜ್ಜಿ ಪಕ್ಕದಾಗೆ ಗಾಡಿ ಹೋಗೋವಷ್ಟು ಜಾಗ ಇತ್ತು ಸಾ.”

ಮತ್ತೆ ಯಾಕೆ ನಿಲ್ಲಿಸಿದೆ ಎಂದು ಕೇಳುವ ಮೊದಲೇ ಅವನೇ ಹೇಳಿದ.

“ಕಂಬ್ಳಿ ಮೆತ್ತಗೆ ಕಾಣ್ತು.”

ಹೊರಗೆ ಅಂಜಿನಮ್ಮ ಕಂಬ ಕೀಳುತ್ತಿದ್ದಳು. ಹಾರೆಯ ಸದ್ದು ಕೇಳುತ್ತಿತ್ತು. ಗೋಂದು ಇದೆಯಾ ಎಂದು ಕೇಳಿದ. ಕೊಟ್ಟೆ. ಪತ್ರವನ್ನು ಪುಸ್ತಕದಲ್ಲಿ ಅವನೇ ಅಂಟಿಸಿದ. ಸೀಲು ಕೆಳಗೆ ಬರಬೇಕೆಂಬುದು ಅವನಿಗೆ ಗೊತ್ತಿತ್ತು. ಅಂಗೈಯಿಂದ ನಾಲ್ಕು ಮೂಲೆ ಒತ್ತಿ, ಒಣಗುವವರೆಗೂ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಕೂತಿದ್ದ. ಆ ತೇವದ ಹವೆಯಲ್ಲಿ ಗೋಂದು ಬೇಗ ಒಣಗಲಿಲ್ಲ. ಇಬ್ಬರೂ ಉಳಿದಿದ್ದ ಕಡಲೆಕಾಯಿ ತಿಂದೆವು.

ಮರುದಿನ ಬೆಳಿಗ್ಗೆ ಎಂಟಕ್ಕೆ ಲಗೇಜ್ ಆಟೋ ಬಂತು. ಸಾಮಾನು ಹೇರಿಕೊಂಡು, ಅಂಜಿನಮ್ಮನ ತಮ್ಮನಿದ್ದ ಶಿರಾದ ರಸ್ತೆಗೆ ತಿರುಗಿತು. ಐ.ಡಿ.ಹಳ್ಳಿಯ ಕಡೆ ಆ ವರ್ಷ ಸೈಕಲ್ ಸರ್ಕಸ್ಸು ನಡೆಯಲಿಲ್ಲ.